ಇಟ್ಟಿಗೆಯಾಗದ ಗುಡ್ಡಗಳು

ಕೋಲಾರದ ಚಿನ್ನದ ಗಣಿಗಳು ನೂರಿಪ್ಪತ್ತು ವರ್ಷಗಳಲ್ಲಿ ಪಾತಾಳದಿಂದ ಮೇಲೆತ್ತಿ ಅರೆದ ಅದಿರು ಸುಮಾರು 5.1 ಕೋಟಿ ಟನ್. ಅದರಿಂದ ದಕ್ಕಿದ ಚಿನ್ನ ಸುಮಾರು 800 ಟನ್. ಒಂದು ಟನ್ ಕಲ್ಲಿಗೆ ಸರಾಸರಿ ಹದಿನಾರು ಗ್ರಾಂ, ಅಂದರೆ ಎರಡು ಸವರನ್. ಆ ಎರಡು ಸವರನ್ನಿನ ಕಥೆಯನ್ನು ಬಹಳ ಜನ ಬರೆದಿದ್ದಾರೆ, ಸಿನಿಮಾ ಮಾಡಿದ್ದಾರೆ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಕಿಲೋ ಚಿಲ್ಲರೆ ಪುಡಿ ಎಲ್ಲಿ ಹೋಯಿತು ಎಂದು ಕೇಳಿದವರು ಕಡಿಮೆ.

ಅದರ ಬಹುಪಾಲು ಎಲ್ಲಿಗೂ ಹೋಗಿಲ್ಲ. ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಕೆಜಿಎಫ್ ಎಂದು ಕರೆಯುವ ಕೋಲಾರ ಗೋಲ್ಡ್ ಫೀಲ್ಡ್ಸ್ ಊರಿನ ನಡುನಡುವೆ ಎದ್ದು ನಿಂತಿರುವ ಬೂದುಬಣ್ಣದ ಗುಡ್ಡಗಳು ಅವೇ. ಊರಿನವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಸರ್ಕಾರದ ಲೆಕ್ಕದಲ್ಲಿ ಅಂಥ ದಿಬ್ಬಗಳು 13, ಅವು ಆವರಿಸಿರುವ ನೆಲ ಸಾವಿರ ಎಕರೆಗೂ ಹೆಚ್ಚು, ತೂಕ ಸುಮಾರು 3.3 ಕೋಟಿ ಟನ್. ಸಿಲಿಕಾ ಹೇರಳವಾಗಿರುವ, ಮೊದಲೇ ನುಣ್ಣಗೆ ಅರೆದಿಟ್ಟಿರುವ, ಅಗೆಯುವ ಖರ್ಚೇ ಇಲ್ಲದ ಸಾಮಗ್ರಿ. ಬೆಂಗಳೂರಿನಂಥ ಸದಾ ಕಟ್ಟುತ್ತಲೇ ಇರುವ ನಗರ ನೂರು ಕಿಲೋಮೀಟರ್ ದೂರದಲ್ಲಿದೆ, ರೈಲು ಹಳಿಯೂ ಇದೆ. ಇಷ್ಟಿದ್ದೂ ಈ ಪುಡಿ ಇಟ್ಟಿಗೆಯಾಗಿ ಯಾವ ಊರಿನ ಗೋಡೆಯನ್ನೂ ಎತ್ತಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ದಿಬ್ಬಗಳು ಬೆಳೆದ ಚರಿತ್ರೆಯಲ್ಲೇ ಇದೆ.

1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಚಿನ್ನದ ಸುದ್ದಿ ಕೇಳಿ ಹುಡುಕಿಕೊಂಡು ಬಂದಾಗ ಕಂಡದ್ದು ಬಹಳ ಸಣ್ಣ ಕಸುಬು. ಗಂಡಸರು ಕಿರಿದಾದ ಗುಂಡಿಗಳಿಗೆ ಇಳಿದು ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಜಾಲಿಸುತ್ತಿದ್ದರು. ಆಗ ಉಳಿಯುತ್ತಿದ್ದ ಪುಡಿ ಒಂದು ಮಳೆಗೆ ಹರಿದುಹೋಗುವಷ್ಟು. ಕಸ ದಿಬ್ಬವಾಗಬೇಕಾದರೆ ಕುಟ್ಟುವ ಕೆಲಸ ಯಂತ್ರದ ಕೈಗೆ ಹೋಗಬೇಕಿತ್ತು.

ಅದಕ್ಕೆ ಎಪ್ಪತ್ತು ವರ್ಷ ಹಿಡಿಯಿತು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್, ವಾರನ್ನನ ಹಳೆಯ ವರದಿ ಓದಿ, 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಇವನದೇ ಹೆಸರು. ಪರವಾನಗಿ ಇವನಿಗೆ ಸಿಕ್ಕಿತು, ದುಡ್ಡು ಸಾಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಚಾಂಪಿಯನ್ ಎಂಬ ಹೆಸರಿನ ಅದಿರಿನ ಎಳೆ ಸಿಕ್ಕಿ, ಕೈಬಿಡಬೇಕೆಂದಿದ್ದ ಗಣಿ ಕುದುರಿಕೊಂಡಿತು.

ಆಮೇಲೆ ಶುರುವಾದದ್ದು ಸ್ಟಾಂಪ್ ಮಿಲ್ಲುಗಳ ಕಾಲ. ಸಾಲಾಗಿ ನಿಂತ ಭಾರವಾದ ಕಬ್ಬಿಣದ ಒನಕೆಗಳು ಹಗಲೂ ರಾತ್ರಿ ಎದ್ದು ಬಿದ್ದು ಅದಿರನ್ನು ನೀರಿನ ಜೊತೆ ಕುಟ್ಟುತ್ತಿದ್ದವು. ಕುಟ್ಟಿದ ಕೆಸರು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುವಾಗ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತಿದ್ದವು. ಅಂಟಿಕೊಳ್ಳದೆ ಜಾರಿಹೋಗುವ ಚಿನ್ನವೂ ಸಾಕಷ್ಟಿತ್ತು. ಅದನ್ನು ಹಿಡಿಯುವ ದಾರಿ ತೋರಿಸಿದ್ದು ಗ್ಲಾಸ್ಗೊ ನಗರದ ಜಾನ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು. ತೆಳುವಾದ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆ, ಆ ದ್ರಾವಣವನ್ನು ಸತುವಿನ ಮೇಲೆ ಹಾಯಿಸಿದರೆ ಚಿನ್ನ ಮತ್ತೆ ಬೇರೆಯಾಗುತ್ತದೆ ಎಂಬ ಅವರ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಆಯಿತು. 1890ರ ದಶಕದಲ್ಲಿ ಅದು ಕೋಲಾರಕ್ಕೂ ಬಂತು. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಪುಡಿಯನ್ನು ಸೈನೈಡ್ ನೀರಿನಲ್ಲಿ ನೆನೆಹಾಕಿ, ಚಿನ್ನ ಬಸಿದುಕೊಂಡು, ಉಳಿದದ್ದನ್ನು ಹೊರಗೆ ಸಾಗಿಸಿ ಸುರಿಯುವುದು ಗಣಿಯ ನಿತ್ಯದ ಕೆಲಸವಾಯಿತು.

ದಿಬ್ಬಗಳಿಗೆ ಹೆಸರು ಬಂದದ್ದು ಹೀಗೆ. ಎತ್ತರ ಬಂದದ್ದು ವಿದ್ಯುತ್ತಿನಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಬಂದು ಈ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅಷ್ಟು ದೂರದ ವಿದ್ಯುತ್ ಮಾರ್ಗ ಲೋಕದಲ್ಲೇ ಅಪರೂಪ. ಮೈಸೂರು ಸಂಸ್ಥಾನದ ಹೆಮ್ಮೆಯಾಗಿ ಈ ಪ್ರಸಂಗವನ್ನು ಶಾಲೆಯ ಪಾಠಗಳು ಹೇಳುತ್ತವೆ, ಹೇಳಬೇಕಾದದ್ದೇ. ಆ ವಿದ್ಯುತ್ತು ಅರೆದ ಕಲ್ಲು ಊರಿನ ಪಕ್ಕದಲ್ಲಿ ಪೇರಿಕೊಂಡಿತು ಎಂಬುದೂ ಅದೇ ಪಾಠದ ಮುಂದಿನ ಸಾಲಾಗಬೇಕಿತ್ತು. ಆರಂಭದಲ್ಲಿ ಟನ್ನಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಯ ವರ್ಷಗಳಲ್ಲಿ 3 ಗ್ರಾಂ ಆಸುಪಾಸಿಗೆ ಇಳಿಯಿತು. ಅದೇ ಒಂದು ಸವರನ್ನಿಗೆ ಮೊದಲಿನ ಹತ್ತು ಪಟ್ಟಿಗೂ ಹೆಚ್ಚು ಕಲ್ಲು ಅರೆಯಬೇಕಾಯಿತು. ಚಿನ್ನ ಕಡಿಮೆಯಾದಷ್ಟೂ ಗುಡ್ಡ ದೊಡ್ಡದಾಗುವುದು ಗಣಿಯ ಗಣಿತ.

ಕಲ್ಲನ್ನು ಕಟ್ಟಡದ ಸಾಮಗ್ರಿಯಾಗಿ ಬಳಸುವುದು ಈ ಗಣಿಗೆ ಅರಿಯದ ವಿದ್ಯೆಯಲ್ಲ. ಭೂಮಿಯೊಳಗೆ ಅದಿರು ತೆಗೆದ ಜಾಗ ಪೊಳ್ಳಾಗುತ್ತದೆ. ಮೇಲಿನ ಬಂಡೆಯ ಭಾರಕ್ಕೆ ಆ ಪೊಳ್ಳು ಸಿಡಿಯುತ್ತದೆ. ಗಣಿಯ ಇಂಗ್ಲಿಷಿನಲ್ಲಿ ರಾಕ್‌ಬರ್ಸ್ಟ್ ಎನ್ನುವ ಈ ಸ್ಫೋಟಗಳು 19ನೇ ಶತಮಾನದ ಕೊನೆಯಿಂದಲೇ ಕೋಲಾರದಲ್ಲಿ ಜೀವ ತೆಗೆದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಂತೆ ಅಪಾಯವೂ ಹೆಚ್ಚಿತು. ಅದಕ್ಕೆ ಉತ್ತರವಾಗಿ ಕಾರ್ಮಿಕರು ಆ ಬಿಸಿಯಲ್ಲಿ, ಆ ಕತ್ತಲಲ್ಲಿ, ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ ಗೋಡೆ ಕಟ್ಟಿ ಪೊಳ್ಳನ್ನು ಹಿಡಿದು ನಿಲ್ಲಿಸಿದರು. ಮೇಲಿನಿಂದ ಯಾರಿಗೂ ಕಾಣದ ಈ ಗೋಡೆಗಳು ಕೋಲಾರದ ಗಾರೆ ಕೆಲಸದ ಅತಿ ದೊಡ್ಡ ಸಾಧನೆ. ಈಗ ಅವು ನೀರಿನಲ್ಲಿ ಮುಳುಗಿವೆ.

ನೆಲದ ಮೇಲೆ, ಆ ಗೋಡೆ ಕಟ್ಟಿದವರ ಸ್ವಂತ ಮನೆಗೆ ಬಹುಕಾಲ ಇದ್ದದ್ದು ಬಿದಿರಿನ ತಟ್ಟಿ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ದಲಿತ ಕುಟುಂಬಗಳು ಕಂಪನಿಯ ಲೈನುಗಳಲ್ಲಿ ಒಂದೇ ಕೋಣೆಯ ತಟ್ಟಿ ಗುಡಿಸಲುಗಳಲ್ಲಿ ತಲೆಮಾರು ಕಳೆದವು. ಗೋಡೆಯ ಆಚೆಗೆ ಲಕ್ಷಾಂತರ ಟನ್ ಪುಡಿ. ಅದನ್ನು ಹದಮಾಡಿ ಮನೆ ಕಟ್ಟಿಕೊಡಬಹುದೆಂಬ ಯೋಚನೆಗಿಂತ ತಟ್ಟಿ ಅಗ್ಗವಾಗಿತ್ತು. ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿ ಇದು.

ಪುಡಿ ಮನೆಯೊಳಗೆ ಬಂದದ್ದು ಬೇರೆ ರೂಪದಲ್ಲಿ. ಗಾಳಿಗೆ ದಿಬ್ಬಗಳು ಎದ್ದು ಬರುತ್ತವೆ. ಬೇಸಿಗೆಯಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ, ಮುಚ್ಚದ ಪಾತ್ರೆಯಲ್ಲಿ, ಉಸಿರಿನಲ್ಲಿ ಅದೇ. ಸಿಲಿಕಾದ ನುಣ್ಣನೆಯ ಧೂಳು ಶ್ವಾಸಕೋಶವನ್ನು ಹಾಳುಮಾಡುವುದು ಗಣಿ ಊರುಗಳಿಗೆಲ್ಲ ಗೊತ್ತಿರುವ ಶಾಪ. ಮಳೆಗಾಲದಲ್ಲಿ ದಿಬ್ಬದ ಮೈ ಕೊರೆದು ಕೆಸರು ತಗ್ಗಿಗೆ ಹರಿಯುತ್ತದೆ. ಸೈನೈಡಿನ ಹೆಸರೇ ಜನರನ್ನು ಹೆದರಿಸುತ್ತದೆ. ವಾಸ್ತವದಲ್ಲಿ ಬಿಸಿಲು ಗಾಳಿಗೆ ಸಿಕ್ಕ ಸೈನೈಡ್ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಒಡೆಯದೆ ಉಳಿಯುವವು ಲೋಹಗಳು. ಕೋಲಾರದ ಕೆಲವು ಅದಿರಿನ ಎಳೆಗಳಲ್ಲಿ ಆರ್ಸೆನಿಕ್ ಬೆರೆತ ಗಂಧಕದ ಖನಿಜಗಳಿವೆ. ಅವು ನೀರು, ಗಾಳಿ ತಾಗಿದಾಗ ಹುಳಿಯಾಗಿ ಲೋಹಗಳನ್ನು ಬಿಟ್ಟುಕೊಡುತ್ತವೆ. ದಿಬ್ಬದ ಪುಡಿಯಿಂದ ಇಟ್ಟಿಗೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಸುಟ್ಟ ಮೇಲೆ ಅಥವಾ ಸಿಮೆಂಟಿನಲ್ಲಿ ಕಟ್ಟಿಹಾಕಿದ ಮೇಲೆ ಈ ಲೋಹಗಳು ಮಳೆನೀರಿಗೆ ಇಳಿಯುತ್ತವೆಯೋ ಇಲ್ಲವೋ?

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನದಾಗಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು, 2001ರ ಫೆಬ್ರುವರಿ 28ಕ್ಕೆ ಬಾಗಿಲು ಬಿತ್ತು. ಗಣಿ ನಿಂತಿತು, ದಿಬ್ಬ ನಿಂತಲ್ಲೇ ಇತ್ತು. ಬಂಡೆಯ ಒತ್ತಡಗಳನ್ನು ಅಭ್ಯಾಸ ಮಾಡಲೆಂದು 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯವರು ಈ ಹೊತ್ತಿಗೆ ದಿಬ್ಬಗಳ ಕಡೆಗೂ ಕಣ್ಣು ಹಾಯಿಸಿದ್ದರು. ಸುರಭಿ ರಾಯ್, ಗೋವಿಂದ ಅಧಿಕಾರಿ, ಆರ್. ಎನ್. ಗುಪ್ತಾ ಬರೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರ ಪ್ರಶ್ನೆ ನೇರವಾದದ್ದು: ಈ ಪುಡಿಯಿಂದ ಇಟ್ಟಿಗೆ ಆಗುತ್ತದೆಯೇ, ಆದರೆ ಎಷ್ಟು ಬೀಳುತ್ತದೆ?

ಪುಡಿಗೆ ಸ್ವಂತ ಅಂಟಿಲ್ಲ. ಅಚ್ಚಿನಿಂದ ತೆಗೆದರೆ ಉದುರುತ್ತದೆ. ಅಂಟಿಗೆಂದು ಅವರು ಎರಡು ದಾರಿ ಹಿಡಿದರು. ಒಂದು, ಸಿಮೆಂಟು ಬೆರೆಸಿ ನೀರುಣಿಸುವುದು. ನೂರಕ್ಕೆ 20 ಪಾಲು ಸಿಮೆಂಟು ಹಾಕಿ 14 ದಿನ ನೀರುಣಿಸಿದಾಗ ಬೇಕಾದ ಬಲ ಬಂತು. ಬೆಲೆ ಮಾತ್ರ ಮಾಮೂಲಿ ಇಟ್ಟಿಗೆಯನ್ನು ಬಹಳ ಮೀರಿತು. ಇನ್ನೊಂದು, ಈ ಸೀಮೆಯ ಕೆಮ್ಮಣ್ಣನ್ನೋ ಎರೆಮಣ್ಣನ್ನೋ ಬೆರೆಸಿ, ಬಿಸಿಲಲ್ಲಿ ಒಣಗಿಸಿ, 750ರಿಂದ 950 ಡಿಗ್ರಿ ಉಷ್ಣದಲ್ಲಿ ಸುಡುವುದು. ಮಣ್ಣಿನ ಪಾಲು ಸರಿಯಾದ ಹದಕ್ಕೆ ಬಂದಾಗ ಬಿರುಕಿಲ್ಲದ, ಗಟ್ಟಿಯಾದ ಇಟ್ಟಿಗೆ ಸಿಕ್ಕಿತು. ಬೆಲೆಯೂ ಮಾಮೂಲಿಗಿಂತ ಕಡಿಮೆ. ಸಿಮೆಂಟು ದುಬಾರಿ, ಮಣ್ಣು ಅಗ್ಗ ಎಂಬ ಈ ಫಲಿತಾಂಶ ಹಳ್ಳಿಯ ಇಟ್ಟಿಗೆ ಗೂಡಿನವನಿಗೆ ಆಶ್ಚರ್ಯ ತರುವಂಥದ್ದಲ್ಲ. ಅದನ್ನು ಅಳತೆ ಹಿಡಿದು ತೋರಿಸಿದ್ದು ದೊಡ್ಡದು.

ಒಂದು ಲೆಕ್ಕ ಹಾಕಿ ನೋಡಬಹುದು. ಮೂರು ಕಿಲೋ ತೂಗುವ ಇಟ್ಟಿಗೆಯಲ್ಲಿ ಅರ್ಧ ದಿಬ್ಬದ ಪುಡಿ ಎಂದಿಟ್ಟುಕೊಂಡರೆ 3.3 ಕೋಟಿ ಟನ್ನಿನಿಂದ 2,200 ಕೋಟಿ ಇಟ್ಟಿಗೆ ಆಗುತ್ತವೆ. ಮನೆಯೊಂದಕ್ಕೆ 25,000 ಹಿಡಿದರೂ ಎಂಟು ಲಕ್ಷಕ್ಕೂ ಮೀರಿದ ಮನೆಗಳು. ಇದೇ ಜಿಲ್ಲೆಯ ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಅಲ್ಲಿನ ಗೂಡುಗಳಿಗೆ ಮಣ್ಣು ಬರಬೇಕಾದದ್ದು ಕೆರೆಯಂಗಳದಿಂದ, ಹೊಲದ ಮೇಲ್ಪದರದಿಂದ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿದ ಕೋಲಾರ ಜಿಲ್ಲೆಗೆ ಹೊಲದ ಮೇಲ್ಮಣ್ಣು ಚಿನ್ನಕ್ಕಿಂತ ಮುಖ್ಯ. ಇಟ್ಟಿಗೆಯಲ್ಲಿ ಅರ್ಧ ಮಣ್ಣು ಉಳಿದರೂ ಅಷ್ಟು ನೆಲ ಉಳಿಯುತ್ತಿತ್ತು.

ಆದರೂ ಗೂಡು ಉರಿಯಲಿಲ್ಲ. ಅಡ್ಡಬಂದದ್ದು ದಿಬ್ಬದೊಳಗಿನ ಚಿನ್ನ. ಹಳೆಯ ಮಿಲ್ಲುಗಳು ಹಿಡಿಯದೆ ಬಿಟ್ಟ ಚೂರು ಇನ್ನೂ ಪುಡಿಯಲ್ಲಿದೆ. ಟನ್ನಿಗೆ ಬರೀ ಅರ್ಧ ಗ್ರಾಂ ಎಂದು ಹಿಡಿದರೂ ಮೊತ್ತ 16 ಟನ್ ದಾಟುತ್ತದೆ. ಚಿನ್ನದ ಬೆಲೆ ಏರಿದ ಪ್ರತಿ ವರ್ಷವೂ ದಿಬ್ಬ ಕಸದ ಪಟ್ಟಿಯಿಂದ ಹೊರಬಂದು ಆಸ್ತಿಯ ಪಟ್ಟಿಗೆ ಸೇರುತ್ತ ಹೋಯಿತು. ಆಸ್ತಿಯನ್ನು ಇಟ್ಟಿಗೆ ಗೂಡಿಗೆ ಯಾರೂ ಬಿಟ್ಟುಕೊಡುವುದಿಲ್ಲ. ಚಿನ್ನ ತೆಗೆಯುವ ಯೋಜನೆಯೂ ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. ಗಣಿ ಮುಚ್ಚಿದ ಇಪ್ಪತ್ತಮೂರು ವರ್ಷಗಳ ಮೇಲೆ, 2024ರ ಜೂನ್‌ನಲ್ಲಿ, ಈ 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಈ ನಡುವೆ ಧೂಳು ತಿಂದವರಿಗೆ ಚಿನ್ನವೂ ಸಿಗಲಿಲ್ಲ, ಇಟ್ಟಿಗೆಯೂ ಸಿಗಲಿಲ್ಲ.

ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ ಇದೇ ಕೆಲಸ ಬಹಳ ಮೊದಲೇ ನಡೆದಿದೆ. ಕೋಲಾರಕ್ಕಿಂತ ಮೊದಲು ಸೈನೈಡ್ ವಿಧಾನ ಹಿಡಿದ ಸೀಮೆ ಅದು. ಅಲ್ಲಿನ ಹಳದಿ ದಿಬ್ಬಗಳು ನಗರದ ಗುರುತೇ ಆಗಿದ್ದವು, ಒಂದರ ನೆತ್ತಿಯ ಮೇಲೆ ಟಾಪ್ ಸ್ಟಾರ್ ಎಂಬ ಬಯಲು ಚಿತ್ರಮಂದಿರವೂ ಇತ್ತು. 1970ರ ದಶಕದ ಕೊನೆಯಲ್ಲಿ ಎರ್ಗೊ ಎಂಬ ಕಂಪನಿ ಜೋರಾದ ನೀರಿನ ಧಾರೆ ಬಿಟ್ಟು ದಿಬ್ಬಗಳನ್ನು ಕರಗಿಸಿ, ಕೊಳವೆಯಲ್ಲಿ ಸಾಗಿಸಿ, ಚಿನ್ನ ಬಸಿಯತೊಡಗಿತು. ದಿಬ್ಬಗಳಿದ್ದ ಜಾಗ ಊರಿಗೆ ಬಿಡುವಾಯಿತು. ಪುಡಿ ಮಾತ್ರ ಕರಗಲಿಲ್ಲ, ಇನ್ನೂ ದೊಡ್ಡ ಒಡ್ಡಿನ ಹಿಂದೆ ಹೋಗಿ ಕೂತಿತು.

ಕೆಜಿಎಫ್‌ನವರು ಗಮನಿಸಬೇಕಾದ ಸಂಗತಿ ಇಲ್ಲಿದೆ. 3.3 ಕೋಟಿ ಟನ್ನಿನಿಂದ ಹದಿನಾರು ಟನ್ ಚಿನ್ನ ತೆಗೆದರೆ ಮಿಕ್ಕುವುದು ಹೆಚ್ಚುಕಡಿಮೆ 3.3 ಕೋಟಿ ಟನ್ನೇ. ಅದು ಹೊಸ ಸೈನೈಡಿನಲ್ಲಿ ತೊಳೆದು ಬಂದ, ಇನ್ನಷ್ಟು ನುಣ್ಣನೆಯ ಪುಡಿ. ಇಟ್ಟಿಗೆಗೆ ಅಡ್ಡ ನಿಂತಿದ್ದ ಚಿನ್ನ ಆಗ ಇರುವುದಿಲ್ಲ. ಹೊರಬರುವ ಪುಡಿಯನ್ನು ದಪ್ಪ, ಸಣ್ಣ ಎಂದು ಆಗಲೇ ಬೇರ್ಪಡಿಸಿದರೆ, ದಪ್ಪನೆಯದು ಗಾರೆಗೆ ಮರಳಾಗಬಹುದು, ಸಣ್ಣದು ಸುಟ್ಟ ಇಟ್ಟಿಗೆಗೆ ಹೋಗಬಹುದು. ಗುಡ್ಡ ಮತ್ತೆ ಕಟ್ಟಿದ ಮೇಲೆ ಈ ಕೆಲಸಕ್ಕೆ ಇಮ್ಮಡಿ ಖರ್ಚು.

ಚಿನ್ನ ಅಡ್ಡಬರದ ಕಡೆಯಲ್ಲೂ ಪುಡಿ ಕೂತಲ್ಲೇ ಕೂತ ಉದಾಹರಣೆ ರಾಜ್ಯದ ಇನ್ನೊಂದು ತುದಿಯಲ್ಲಿದೆ. ಇರಾನಿನ ಷಾ ಕಾಲದ ಹಣದ ಒಪ್ಪಂದದ ಮೇಲೆ 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಕಡಿಮೆ ಕಬ್ಬಿಣವಿರುವ ಮ್ಯಾಗ್ನೆಟೈಟ್ ಕಲ್ಲನ್ನು ಅರೆದು, ಸಾರವನ್ನು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿತ್ತು. ಉಳಿದ ಕೆಸರು ಲಕ್ಯಾ ಹೊಳೆಗೆ ಕಟ್ಟಿದ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟೆಯ ಹಿಂದೆ ತುಂಬಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನ ಗಣಿ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹಳ್ಳಿಗೆ ಒಗ್ಗುವ ಒತ್ತುಮಣ್ಣಿನ ಇಟ್ಟಿಗೆಯನ್ನು ರೂಪಿಸಿತ್ತು. ಅದೇ ಪರಂಪರೆಯಲ್ಲಿ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಸಂಗಡಿಗರು ಮರಳಿನ ಜಾಗದಲ್ಲಿ ಕಬ್ಬಿಣದ ಅದಿರಿನ ಪುಡಿ ಬೆರೆಸಿ ಪರೀಕ್ಷಿಸಿದರು, ಇಟ್ಟಿಗೆ ಬಲವಾಗಿಯೇ ಬಂತು. ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯದವರು ಕಬ್ಬಿಣದ ಅದಿರಿನ ಇಂಥದೇ ಪುಡಿಯಿಂದ ನೆಲಕ್ಕೆ, ಗೋಡೆಗೆ ಹಾಕುವ ಟೈಲ್ಸ್ ಮಾಡಿ ತೋರಿಸಿದ್ದರು. ಆದರೆ ಲಕ್ಯಾ ಇರುವುದು ಭದ್ರೆಯ ಜಲಾನಯನದ ದಟ್ಟ ಮಳೆಕಾಡಿನ ನಡುವೆ. ಕಾಡು ಉಳಿಸಲೆಂದು ಗಣಿ ಮುಚ್ಚಿಸಿದ ಮೇಲೆ ಅದೇ ಕಾಡಿನ ಘಟ್ಟದ ದಾರಿಯಲ್ಲಿ ಲಾರಿಗಳ ಸಾಲು ಬಿಡುವುದು ಸರಿಯಲ್ಲ. ಕುದುರೆಮುಖದ ಪುಡಿ ಅಲ್ಲೇ ಇರುವುದು ಮೇಲು. ಕೆಜಿಎಫ್‌ನ ಪುಡಿಗೆ ಈ ಮಾತು ಅನ್ವಯಿಸುವುದಿಲ್ಲ, ಅದು ಜನರ ನಡುವೆ ಕೂತಿದೆ.

ಕಸ ಗೋಡೆಯಾಗುವ ಕಾಲ ಯಾವಾಗ ಬರುತ್ತದೆ ಎಂಬುದಕ್ಕೆ ರಾಯಚೂರಿನ ಶಕ್ತಿನಗರ ಒಳ್ಳೆಯ ಸಾಕ್ಷಿ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಕೂಡ ಒಂದು ಕಾಲಕ್ಕೆ ಕೊಳದಲ್ಲಿ ಕೊಳೆಯುತ್ತಿದ್ದ ಕಸವೇ. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ನಿಯಮ ತಂದಿತು: ವಿದ್ಯುತ್ ಸ್ಥಾವರದಿಂದ 50 ಕಿಲೋಮೀಟರಿನೊಳಗೆ ಇಟ್ಟಿಗೆ ಮಾಡುವವರು ನೂರಕ್ಕೆ 25 ಪಾಲಾದರೂ ಬೂದಿ ಬೆರೆಸಲೇಬೇಕು. ಆ ದೂರ 2003ರಲ್ಲಿ 100ಕ್ಕೆ, 2016ರಲ್ಲಿ 300 ಕಿಲೋಮೀಟರಿಗೆ ಏರಿತು. ಬೂದಿಯ ಗುಣ 1998ರಲ್ಲೂ ಅದೇ ಇತ್ತು, ಪ್ರಯೋಗಾಲಯದ ವರದಿಗಳೂ ಇದ್ದವು. ನಿಯಮ ಬಂದ ಮೇಲೆ ಗಿರಾಕಿ ಹುಟ್ಟಿದ, ಗಿರಾಕಿ ಬಂದ ಮೇಲೆ ಯಂತ್ರ ಬಂತು. ಉಕ್ಕಿನ ಕಿಟ್ಟಕ್ಕೂ (ಸ್ಲ್ಯಾಗ್) ಹೀಗೇ. 2016ರಲ್ಲಿ ಭಾರತೀಯ ಮಾನಕ ಐಎಸ್ 383 ಪರಿಷ್ಕಾರಗೊಂಡು ಕಾಂಕ್ರೀಟಿನಲ್ಲಿ ಕಿಟ್ಟದ ಮರಳಿಗೆ ಜಾಗ ಸಿಕ್ಕಿದ ಮೇಲೆ, ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟಕ್ಕೆ ಎಂಜಿನಿಯರುಗಳು ಸಹಿ ಹಾಕುವುದು ಸುಲಭವಾಯಿತು. ಕಟ್ಟುವವನಿಗೆ ಬೇಕಾದದ್ದು ಮಾನಕದ ಸಂಖ್ಯೆ, ಪರೀಕ್ಷೆಯ ಕಾಗದ, ಸಿಕ್ಕೇ ಸಿಗುತ್ತದೆ ಎಂಬ ಭರವಸೆ.

ಕೆಜಿಎಫ್‌ನ ಪುಡಿಗೆ ಇವುಗಳಲ್ಲಿ ಮೊದಲು ಬೇಕಾದದ್ದು ಪರೀಕ್ಷೆಯ ಕಾಗದ. ಪ್ರತಿ ದಿಬ್ಬದ ಆರ್ಸೆನಿಕ್ ಬೇರೆ, ಗಂಧಕ ಬೇರೆ. ಒಂದು ದಿಬ್ಬದ ಇಟ್ಟಿಗೆ ಪಾಸಾದರೆ ಪಕ್ಕದ ದಿಬ್ಬದ್ದೂ ಪಾಸಾದಂತಲ್ಲ. ಎಷ್ಟು ಹುಳಿನೀರಿಗೆ ಎಷ್ಟು ಲೋಹ ಇಳಿಯುತ್ತದೆ ಎಂಬ ಪರೀಕ್ಷೆ ದಿಬ್ಬ ದಿಬ್ಬಕ್ಕೂ ಆಗಬೇಕು, ಫಲಿತಾಂಶ ಊರಿನವರಿಗೆ ಕನ್ನಡದಲ್ಲೂ ತಮಿಳಿನಲ್ಲೂ ಸಿಗಬೇಕು. ಪಾಸಾಗದ ಪುಡಿಯನ್ನು ಮನೆಗೆ ತರಬಾರದು, ಅದಕ್ಕೆ ಗಣಿಯ ಪೊಳ್ಳು ಅಥವಾ ಭದ್ರವಾಗಿ ಮುಚ್ಚಿದ ಗುಂಡಿಯೇ ಜಾಗ. ಪಾಸಾದದ್ದಕ್ಕೆ ಗೂಡು ಊರಲ್ಲೇ ಆಗಬೇಕು. ಗಣಿ ಮುಚ್ಚಿದಾಗಿನಿಂದ ಮಾರಿಕುಪ್ಪಂನಿಂದ ಬೆಂಗಳೂರಿಗೆ ನಸುಕಿನ ರೈಲು ಹಿಡಿದು ಸಾವಿರಾರು ಜನ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಅವರಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬಹಳ. ದಿಬ್ಬಗಳನ್ನು ಮತ್ತೆ ಅಗೆಯುವ ಯೋಜನೆಯ ಷರತ್ತುಗಳಲ್ಲಿ ಉಳಿದ ಪುಡಿಯ ಗತಿ, ಈ ಜನರಿಗೆ ಸಿಗುವ ಕೆಲಸ, ಎರಡೂ ಅಕ್ಷರದಲ್ಲಿ ಬರೆದಿರಬೇಕು, ಮೊದಲ ಟನ್ ತೊಟ್ಟಿಗೆ ಬೀಳುವ ಮುಂಚೆಯೇ.